ದೆವ್ವ ಎಡಗಡೆ ಪುಟದಲ್ಲೇ ಬರಬೇಕು

ಮಾನ್ಯ ಸಂಪಾದಕರಿಗೆ, ನಮಸ್ಕಾರ.

ಮಕ್ಕಳ ಕೈಗೆ ಸಿಗುತ್ತಿರುವ ದೆವ್ವದ ಚಿತ್ರಕಥೆಗಳ ಬಗ್ಗೆ ಹುಬ್ಬಳ್ಳಿಯ ಪಾಲಕರೊಬ್ಬರು ಕಳೆದ ವಾರ ನಿಮ್ಮ ಓದುಗರ ಅಂಕಣಕ್ಕೆ ಬರೆದ ಪತ್ರ ಓದಿದೆ. ಇಂಥವು ಮೂಢನಂಬಿಕೆ ಬೆಳೆಸುತ್ತವೆ, ಇದನ್ನು ಓದಿ ತಮ್ಮ ಮಗ ರಾತ್ರಿ ಬಚ್ಚಲಿಗೆ ಒಬ್ಬನೇ ಹೋಗಲು ಅಂಜುತ್ತಾನೆ, ಅಂಗಡಿಯವರು ಇವನ್ನು ಮುಂದಿನ ಸಾಲಿನಲ್ಲಿ ಇಡಬಾರದು, ಗ್ರಂಥಾಲಯದವರಂತೂ ತರಿಸಲೇಬಾರದು ಎಂಬುದು ಅವರ ಮಾತು. ಹೆಸರು ಹೇಳದಿದ್ದರೂ ಅವರ ಸಿಟ್ಟು ಯಾವ ಸರಣಿಯ ಮೇಲೆ ಎಂದು ನನಗೆ ಕೂಡಲೇ ತಿಳಿಯಿತು. ‘ದೆವ್ವಗಳು ಖಾನಾವಳಿಗೆ ಬಂದು ಊಟದ ಚೀಟಿ ಕೇಳುತ್ತವೆ’ ಎಂದು ಅವರೇ ಬರೆದಿದ್ದಾರಲ್ಲ. ಆ ಪುಸ್ತಕ ಅಚ್ಚಾಗುವುದು ನಮ್ಮ ಪ್ರೆಸ್ಸಿನಲ್ಲಿ. ನಾನೂ ಹೆಸರು ಹೇಳುವುದಿಲ್ಲ. ಹೇಳಿದರೆ ಇದು ಪುಕ್ಕಟೆ ಜಾಹೀರಾತು ಎಂದು ನೀವು ಕತ್ತರಿ ಹಾಕುತ್ತೀರಿ, ಹಾಕಲೂಬೇಕು.

ನಾನು ಬೆಟಗೇರಿಯವಳು. ಮದುವೆಯಾಗಿ ಬಂದ ಮನೆಯ ಮುಂದಿನ ಪಡಸಾಲೆಯೇ ಪ್ರೆಸ್ಸು. ಆಗ ಟ್ರೆಡಲ್ ಮಷೀನು, ಮೊಳೆ ಜೋಡಿಸುವ ಕಾಲ, ಈಗ ಆಫ್‌ಸೆಟ್ಟು. ಲಗ್ನಪತ್ರಿಕೆ, ಬಿಲ್‌ಬುಕ್ಕು, ಜಾತ್ರೆಯ ಹ್ಯಾಂಡ್‌ಬಿಲ್ಲು, ನಾಟಕ ಕಂಪನಿಯ ಪೋಸ್ಟರು, ಮಠದ ಪುರಾಣ, ಇವುಗಳ ಮೇಲೆ ನಮ್ಮ ಸಂಸಾರ ನಡೆದಿದೆ. ಮಷೀನು ಮೈದುನನದು; ಮಡಿಚುವುದು, ಫಾರ್ಮು (ಮಡಿಚಿದ ಹಾಳೆ) ಜೋಡಿಸುವುದು, ಪಿನ್ನು ಹೊಡೆಯುವುದು ನನ್ನದು. ಹೀಗಾಗಿ ಈ ಸರಣಿಯ ಪ್ರತಿ ಹಾಳೆಯೂ ಓದುಗರಿಗಿಂತ ಮುಂಚೆ ನನ್ನ ಕೈ ದಾಟಿ ಹೋಗುತ್ತದೆ, ಅದೂ ಹಿಂದುಮುಂದಾಗಿ. ನಡುವೆ ಪಿನ್ನು ಹೊಡೆಯುವ 32 ಪುಟದ ಪುಸ್ತಕದ ಬಿಡಿ ಹಾಳೆಯಲ್ಲಿ ಒಂದನೇ ಪುಟದ ಮಗ್ಗಲಿಗೇ ಮೂವತ್ತೆರಡನೆಯದು ಇರುತ್ತದೆ. ಕಥೆ ಮುಗಿದದ್ದು ನೋಡಿದ ಮೇಲೆ ಕಥೆ ಶುರುವಾದದ್ದು ಓದಿದವಳು ನಾನು. ಆದರೂ ಎದೆ ಧಸಕ್ ಎಂದಿತು, ಅದರ ಬೆನ್ನಿಗೇ ನಗು ಬಂತು. ಬರೀ ಅಂಜಿಸುವ ದೆವ್ವದ ಪುಸ್ತಕ ಬೇರೆ, ಅಂಜಿಸಿ ನಗಿಸುವ ಪುಸ್ತಕ ಬೇರೆ. ಆ ಪಾಲಕರು ಎರಡನ್ನೂ ಒಂದೇ ಹಗ್ಗದಲ್ಲಿ ಕಟ್ಟಿ ರದ್ದಿಗೆ ಹಾಕಿದ್ದಾರೆ, ಅದಕ್ಕೆ ನನ್ನ ತಕರಾರು.

ಅವರ ಮಗ ಓದಿದ್ದು ಬಹುಶಃ ವಸ್ತಿ ಬಸ್ಸಿನ ಕಂಡಕ್ಟರನ ಕಥೆ ಇರಬೇಕು. ರೋಣದ ಕಡೆಯ ಒಂದು ಹಳ್ಳಿ, ಅಮಾವಾಸ್ಯೆ, ಸರಹೊತ್ತು. ಚಿಲಕ ಅಲ್ಲಾಡುತ್ತದೆ. ಹೊರಗೆ ಯಾರೋ ಟಿಕೀಟು ಪಂಚ್ ಮಾಡುವ ‘ಟಕ್ ಟಕ್’ ಸಪ್ಪಳ. ಸತ್ತ ಕಂಡಕ್ಟರ್ ಮನೆಮನೆಗೆ ಬರುತ್ತಿದ್ದಾನೆ. ಕೊರಳಲ್ಲಿ ಚರ್ಮದ ಚೀಲ, ಕಣ್ಣಿನ ಜಾಗದಲ್ಲಿ ಎರಡು ಕರೀ ತೂತು. ಊರವರು ಹೆದರಿ ಬಾಗಿಲ ಮೇಲೆ ಸುಣ್ಣದಲ್ಲಿ ‘ನಾಳೆ ಬಾ’ ಎಂದು ಬರೆಯುತ್ತಾರೆ. ತೊಂಬತ್ತರ ದಶಕದಲ್ಲಿ ನಮ್ಮ ರಾಜ್ಯದ ಎಷ್ಟೋ ಊರುಗಳಲ್ಲಿ ಹೀಗೆ ಬರೆದದ್ದು ನಿಮ್ಮ ವಯಸ್ಸಿನವರಿಗೂ ನೆನಪಿರಬಹುದು. ಕಂಡಕ್ಟರ್ ಅದನ್ನು ನಿಂತು ಓದುತ್ತಾನೆ. ಕಿವಿಯ ಮೇಲಿನ ಪೆನ್ನು ತೆಗೆದು ವಹಿಯಲ್ಲಿ ‘ನಾಳೆ’ ಎಂದು ಗುರುತು ಹಾಕಿಕೊಳ್ಳುತ್ತಾನೆ. ‘ಪಿಂಚಣಿ ಆಫೀಸಿನ್ಯಾಗೂ ಹಿಂಗ ಬಾಗಿಲ ಮ್ಯಾಲೆ ಬರದು ಇಟ್ಟಿದ್ರ ನಾ ಅಷ್ಟು ಸಲ ಅಡ್ಡಾಡ್ತಿದ್ದಿಲ್ರಿ, ಅವ್ರು ಬಾಯಿಲೆ ಹೇಳ್ತಿದ್ರು’ ಎಂದು ಕತ್ತಲಿಗೆ ಹೇಳಿ ಮುಂದಿನ ಮನೆಗೆ ನಡೆಯುತ್ತಾನೆ.

ಅವನು ಬಂದದ್ದು ಯಾರ ಜೀವಕ್ಕೂ ಅಲ್ಲ. ಚಿಲ್ಲರೆ ಇಲ್ಲ ಎಂದು ಟಿಕೀಟಿನ ಹಿಂದೆ ಬಾಕಿ ಬರೆದುಕೊಟ್ಟು, ಆಮೇಲೆ ಕೊಡದೇ ಉಳಿದ ದುಡ್ಡಿನ ಲೆಕ್ಕ ತೀರಿಸಲು ಬಂದಿದ್ದಾನೆ. ಯಾರೂ ಬಾಗಿಲು ತೆರೆಯುವುದಿಲ್ಲ. ಸರಣಿಯ ನಾಯಕಿ ಖಾನಾವಳಿಯ ಅಕ್ಕ. ಅಂಗಡಿ ಮುಚ್ಚಿದ ಮೇಲೆ ದೆವ್ವಗಳಿಗೆ ರೊಟ್ಟಿ ಬಡಿದು ಹಾಕಿ ಅವುಗಳ ತಕರಾರು ಕೇಳುವವಳು. ಅವಳೇ ಅವನನ್ನು ಒಬ್ಬ ಮುದುಕಿಯ ಮನೆಗೆ ಕರೆದೊಯ್ಯುತ್ತಾಳೆ. ಮುದುಕಿ ಬಾಗಿಲು ತೆರೆಯುತ್ತಾಳೆ. ‘ದೆವ್ವ ಕೊಟ್ರೇನು, ದೇವ್ರು ಕೊಟ್ರೇನು, ಮೂರು ರೂಪಾಯಿ ಮೂರು ರೂಪಾಯಿನ ಅಲ್ಲೇನು?’ ಕೈಯೊಡ್ಡಿ ಇಸಿದುಕೊಂಡು, ಕಂದೀಲಿನ ಬೆಳಕಿಗೆ ಹಿಡಿದು ಎಣಿಸಿ, ‘ಒಂದು ರೂಪಾಯಿ ಕಮ್ಮಿ ಐತಲ್ಲೋ’ ಎನ್ನುತ್ತಾಳೆ. ಮೂವತ್ತೆರಡನೇ ಪುಟದಲ್ಲಿ ಇರುವುದು ಒಂದೇ ದೊಡ್ಡ ಚಿತ್ರ: ನಾಲ್ಕು ಊರು ನಡುಗಿಸಿದ ದೆವ್ವ ಬೆವರೊರೆಸಿಕೊಳ್ಳುತ್ತ ಚೀಲದಲ್ಲಿ ಒಂದು ರೂಪಾಯಿ ಹುಡುಕುತ್ತಿದೆ.

ಇದನ್ನು ಓದಿದ ಹುಡುಗ ಬಚ್ಚಲಿಗೆ ಹೋಗಲು ಅಂಜಿದರೆ, ಅವನು ಪುಸ್ತಕ ಅರ್ಧಕ್ಕೇ ಬಿಟ್ಟಿದ್ದಾನೆ ಎಂದು ನನ್ನ ಅನುಮಾನ. ಅಥವಾ ಯಾರೋ ಅರ್ಧಕ್ಕೇ ಕಸಿದುಕೊಂಡಿದ್ದಾರೆ.

ಬರೆಯುವ ಹುಡುಗಿ ಕುಂದಗೋಳದ ಕಡೆಯವಳು, ಚಿತ್ರ ಬಿಡಿಸುವವನು ಧಾರವಾಡದಲ್ಲಿ ಚಿತ್ರಕಲೆ ಕಲಿತವನು. ಹಿಂದೆ ಯಾವ ಪ್ರಕಾಶನವೂ ಇಲ್ಲ. ಬರೀ ಕಪ್ಪು ಶಾಯಿ, 70 ಜಿಎಸ್‌ಎಂ ಮ್ಯಾಪ್ಲಿಥೋ ಕಾಗದ. ಮುಖಪುಟಕ್ಕೆ ಮಾತ್ರ ಬಣ್ಣ. ಬಣ್ಣವೆಂದರೆ ನಾಲ್ಕು ಪ್ಲೇಟು (ಅಚ್ಚಿನ ತಗಡು), ಮಷೀನಿಗೆ ನಾಲ್ಕು ಸಲ ಹಾಳೆ ಕೊಡಬೇಕು. ಅಷ್ಟು ದುಡ್ಡು ಅವರ ಹತ್ತಿರ ಇಲ್ಲ. ಇಲ್ಲದ್ದೇ ಒಳ್ಳೆಯದಾಯಿತು ಎಂದು ನನಗನ್ನಿಸುತ್ತದೆ. ಕಪ್ಪು ಬಿಳುಪಿನಲ್ಲಿ ಕಂದೀಲು ಹಿಡಿದ ಮುದುಕಿಯ ಮುಖ ಹೇಗೆ ಕಾಣುತ್ತದೆ ಎಂದು ಒಮ್ಮೆ ನೋಡಬೇಕು ನೀವು. 1984ರಲ್ಲಿ ಅಮೆರಿಕದ ಇಬ್ಬರು ಗೆಳೆಯರು ಕೈಯಿಂದ ದುಡ್ಡು ಹಾಕಿ, ಹೀಗೇ ಕಪ್ಪು ಬಿಳುಪಿನಲ್ಲಿ 3,000ದಷ್ಟು ಪ್ರತಿ ಅಚ್ಚು ಹಾಕಿಸಿದ್ದರಂತೆ. ಆಮೇಲೆ ನಮ್ಮ ಮಕ್ಕಳೆಲ್ಲ ಟಿವಿಯಲ್ಲಿ ನೋಡಿದ ನಿಂಜಾ ಆಮೆಗಳು ಹುಟ್ಟಿದ್ದು ಅಲ್ಲಿ.

ನಮ್ಮ ಈ ಹುಡುಗ ಹುಡುಗಿ ಇಬ್ಬರೂ ಮೊದಲ ಸಲ ಪ್ರೆಸ್ಸಿಗೆ ಬಂದಾಗ ‘ಅಕ್ಕಾರ, ದೆವ್ವ ಎಲ್ಲಾ ಎಡಗಡೆ ಪುಟಕ್ಕ ಬರಬೇಕ್ರಿ’ ಎಂದರು. ವಾಸ್ತು ಏನಾದರೂ ನೋಡುತ್ತಾರೇನೋ ಎಂದುಕೊಂಡು ಮೈದುನ ನನ್ನ ಮುಖ ನೋಡಿದ. ವಿಷಯ ಹೀಗಿದೆ. ಪುಸ್ತಕ ತೆರೆದಾಗ ಬಲಗಡೆ ಬೆಸ ಸಂಖ್ಯೆಯ ಪುಟ. ಅದರ ಕೊನೆಯ ಚೌಕದಲ್ಲಿ ಬಾಗಿಲು ಕಿರ್ರೆನ್ನಬೇಕು, ಯಾರದೋ ನೆರಳು ಬೀಳಬೇಕು, ಮಾತು ನಿಲ್ಲಬೇಕು. ಹಾಳೆ ತಿರುವಿದ ತಕ್ಷಣ ಎಡಗಡೆಯ ಮೊದಲ ಚೌಕದಲ್ಲಿ ಬರಬೇಕಾದದ್ದು ಬರಬೇಕು. ಅದೇ ಚಿತ್ರ ಬಲಗಡೆ ಇದ್ದರೆ, ಎಡಗಡೆ ಓದುವಾಗಲೇ ಕಣ್ಣ ಅಂಚಿಗೆ ಬಿದ್ದು ಬಣ್ಣ ಬಯಲು. ಓದುವವನ ಬೆರಳೇ ಬಾಗಿಲು ತೆರೆಯಬೇಕು, ಅದು ಇದರ ಗುಟ್ಟು. ಸಿನಿಮಾದಲ್ಲಿ ಆ ಹೊತ್ತನ್ನು ಸಿನಿಮಾದವರು ಗೊತ್ತು ಮಾಡುತ್ತಾರೆ, ಇಲ್ಲಿ ಓದುವ ನಾವು. ನಗೆಗೂ ಇದೇ ಕಾಯಿದೆ. ಒಂದು ಕಡೆ ದೊಡ್ಡ ಸಿದ್ಧತೆ ಮಾಡಿ, ರಕ್ತ ಸೋರುವ ಕೈ ತೋರಿಸಿ, ಹಾಳೆ ತಿರುವಿದರೆ ಖಾನಾವಳಿಯ ಅಕ್ಕ ಬ್ಯಾಡಗಿ ಮೆಣಸಿನಕಾಯಿಯ ಖಾರ ಅರೆದ ಕೈ ತೊಳೆಯುತ್ತಿದ್ದಾಳೆ. ಎರಡು ಸಲ ಹೀಗೆ ಮೋಸ ಹೋದವರು ಮೂರನೇ ಸಲ ಧೈರ್ಯದಿಂದ ತಿರುವುತ್ತಾರೆ. ಅಲ್ಲಿ ನಿಜವಾಗಿಯೂ ಕೂತಿರುತ್ತದೆ.

ಎರಡನೇ ಸಂಚಿಕೆಯಲ್ಲಿ ಇವರು ‘ನಮ್ಮ ಮಾತು’ ಎಂದು ಒಂದು ಪುಟ ನಡುವೆ ತುರುಕಿಬಿಟ್ಟರು. ಒಂದು ಪುಟ ಜಗ್ಗಿದ್ದಕ್ಕೆ ದೆವ್ವಗಳೆಲ್ಲ ಸಾಲಾಗಿ ಬಲಗಡೆಗೆ ಬಂದು ಕೂತವು. ಪ್ಲೇಟು ಮಾಡುವ ಮೊದಲೇ ಆ ಹುಡುಗಿಗೆ ಗೊತ್ತಾಗಿ, ಪುಣ್ಯಕ್ಕೆ, ತಮ್ಮ ಮಾತನ್ನು ಹಿಂಬದಿಯ ರಟ್ಟಿನ ಒಳಮಗ್ಗಲಿಗೆ ಓಡಿಸಿದರು. ಸಂಪಾದಕೀಯಕ್ಕೆ ಅದು ತಕ್ಕ ಜಾಗ ಎಂದರೆ ನೀವು ಬೇಜಾರು ಮಾಡಿಕೊಳ್ಳಬಾರದು.

ಇನ್ನೊಂದು ಹೇಳಲೇಬೇಕು. ಕತ್ತಲಿನ ಪುಟಗಳಿಗೆ ಶಾಯಿ ಜಾಸ್ತಿ. ಮಳೆಗಾಲದಲ್ಲಿ ಬೇಗ ಆರುವುದಿಲ್ಲ. ಮೇಲೆ ಬಿದ್ದ ಹಾಳೆಯ ಬೆನ್ನಿಗೆ ಕೆಳಗಿನ ಚಿತ್ರ ಅಂಟಿಕೊಳ್ಳುತ್ತದೆ, ನಾವು ಅದಕ್ಕೆ ಸೆಟ್ಟಾಫ್ ಅನ್ನುತ್ತೇವೆ. ಹಾಗೆ ಒಂದು ಕಟ್ಟಿನಲ್ಲಿ ಕಂಡಕ್ಟರನ ಮುಖ, ಅವನಿರಬಾರದ ಪುಟದ ಮೇಲೆ, ತೆಳ್ಳಗೆ, ತಿರುಗುಮುರುಗಾಗಿ ಮೂಡಿತ್ತು. ಲಗ್ನಪತ್ರಿಕೆಯಲ್ಲಿ ಹೀಗಾಗಿದ್ದರೆ ಗಿರಾಕಿ ನಮ್ಮ ಮನೆ ಮುಂದೆ ಕೂಗಾಡುತ್ತಿದ್ದ. ಇವರು ಆ ಹಾಳೆಗಳನ್ನು ಎದೆಗವಚಿಕೊಂಡು ‘ಇವನ್ನ ಬ್ಯಾರೆ ಇಡ್ರಿ ಅಕ್ಕಾರ, ಇವು ಹೆಚ್ಚಿನ ರೇಟಿಗೆ ಹೋಗ್ತಾವು’ ಎಂದರು. ಹೋದವಂತೆ!

ಮೂಢನಂಬಿಕೆಯ ಮಾತಿಗೆ ಬರುತ್ತೇನೆ. ಆ ಪಾಲಕರು ವಾಮಾಚಾರ ತಡೆ ಕಾಯ್ದೆಯನ್ನೂ ಎತ್ತಿದ್ದಾರೆ. 2017ರಲ್ಲಿ ಆಗಿ 2020ರ ಜನವರಿಯಿಂದ ಜಾರಿಗೆ ಬಂದ ಆ ಕಾಯ್ದೆ ತಡೆಯುವುದು ಮಾಡುವ ಕೆಲಸವನ್ನು, ಹೇಳುವ ಕಥೆಯನ್ನಲ್ಲ. ದೆವ್ವ ಬಿಡಿಸುತ್ತೇನೆಂದು ಒಬ್ಬರನ್ನು ಕಟ್ಟಿ ಹೊಡೆಯುವುದು ಅದರ ಪ್ರಕಾರ ಅಪರಾಧ. ಈ ಸರಣಿಯ ಎರಡನೇ ಸಂಚಿಕೆ ಇರುವುದೇ ಅದರ ಮೇಲೆ. ಊಟ ಬಿಟ್ಟು ಕೂತ ಹುಡುಗಿಗೆ ಗಾಳಿ ಬಡಿದಿದೆ ಎಂದು ದೆವ್ವ ಬಿಡಿಸುವ ಬುವಾ ಒಬ್ಬನನ್ನು ಕರೆಸುತ್ತಾರೆ. ಅವನು ಬೇವಿನ ತೊಪ್ಪಲು, ಲಿಂಬೆಹಣ್ಣು, ಬಾರುಕೋಲು ಎಲ್ಲಕ್ಕೂ ಬೇರೆಬೇರೆ ದರ ಬರೆದ ಬಿಲ್‌ಬುಕ್ಕು ತಂದಿರುತ್ತಾನೆ. (ಆ ಬಿಲ್‌ಬುಕ್ಕಿನ ಮಾದರಿ ನಮ್ಮ ಪ್ರೆಸ್ಸಿನದೇ, ಕೇಳದೇ ಬರೆದುಕೊಂಡಿದ್ದಾರೆ.) ಅವನು ಬಾರುಕೋಲು ಎತ್ತುತ್ತಾನೆ. ಹಾಳೆ ತಿರುವಿದರೆ ಜಂತಿಯ ಮೇಲೆ ಕಾಲು ಇಳಿಬಿಟ್ಟು ಕೂತ ನಿಜವಾದ ದೆವ್ವ: ‘ನಾ ಇಲ್ಲೆ ಮ್ಯಾಲೆ ಅದೀನಿ, ಆಕಿನ್ನ ಯಾಕ ಹೊಡೀತಿಯೋ?’ ಭಾಷಣ ಮಾಡುವವರು ಒಂದು ತಾಸು ತೆಗೆದುಕೊಳ್ಳುವ ಮಾತನ್ನು ಆ ದೆವ್ವ ಒಂದೇ ಸಾಲಿನಲ್ಲಿ ಮುಗಿಸಿದೆ. ಹಾಗೆ ನಕ್ಕ ಹುಡುಗನಿಗೆ ಮುಂದೆ ಬುವಾನ ಮುಂದೆ ಕೈಮುಗಿದು ಕೂರುವುದು ಕಷ್ಟ.

ಅಂಜಿಕೆ ನಗೆ ಕೂಡಿಸುವುದು ಪರದೇಶದ ಚಟ ಎಂದೂ ಆ ಪತ್ರದಲ್ಲಿದೆ. ಅವರ ಮನೆಗೆ ಜೋಕುಮಾರ ಬರುವುದಿಲ್ಲವೇ? ಹಾವೇರಿ ಕಡೆ ನನ್ನ ತವರಿನಲ್ಲಿ ಗಣಪತಿ ಹಬ್ಬ ಮುಗಿಯುತ್ತಿದ್ದಂತೆ ಅಷ್ಟಮಿಗೆ ಹುಟ್ಟುತ್ತಾನೆ ಅವನು. ಬುಟ್ಟಿಯಲ್ಲಿ ಬೇವಿನ ತೊಪ್ಪಲಿನ ನಡುವೆ ಮಣ್ಣಿನ ಮೂರ್ತಿ, ಬಾಯಿಗೆ ಬೆಣ್ಣೆ. ಹೊತ್ತುಕೊಂಡು ಬಂದ ಹೆಂಗಸರು ಹಾಡುವ ಹಾಡು ನಿಮ್ಮ ಪತ್ರಿಕೆಯಲ್ಲಿ ಅಚ್ಚು ಹಾಕುವಂಥದಲ್ಲ. ಸೆರಗು ಬಾಯಿಗೊತ್ತಿಕೊಂಡು ನಗುವುದು ಆಚೆಗಿರಲಿ, ನಮ್ಮ ಸೋದರತ್ತೆ ಅಂಥವರೇ ‘ಇನ್ನೊಂದು ಹೇಳ್ರೆವಾ’ ಎಂದು ಮೊರದಲ್ಲಿ ಮತ್ತೊಂದು ಸೇರು ಜೋಳ ತರುತ್ತಿದ್ದರು. ಅದೇ ಜೋಕುಮಾರ ಏಳು ದಿನಕ್ಕೆ, ಹುಣ್ಣಿಮೆಯ ರಾತ್ರಿ, ಒನಕೆಯಲ್ಲಿ ಹೊಡೆಸಿಕೊಂಡು ಸಾಯುತ್ತಾನೆ. ಅಗಸರ ಬಂಡೆಯ ಕೆಳಗೆ ಹೋಗುತ್ತಾನೆ. ಆ ರಾತ್ರಿ ಅವನ ಕೂಗು ಕೇಳಬಾರದು ಎಂದು ನಮ್ಮನ್ನು ಹೊತ್ತು ಮುಳುಗುವ ಮೊದಲೇ ಒಳಗೆ ಹಾಕುತ್ತಿದ್ದರು. ಮೂರು ದಿನ ಹಳ್ಳಕ್ಕೆ ಅರಿವೆ ಒಗೆಯಲು ಯಾರೂ ಹೋಗುತ್ತಿರಲಿಲ್ಲ. ಹಗಲು ಬಿದ್ದು ಬಿದ್ದು ನಕ್ಕಿದ್ದು ಯಾರನ್ನು ನೋಡಿಯೋ, ರಾತ್ರಿ ಕೌದಿಯೊಳಗೆ ಕಿವಿ ಮುಚ್ಚಿಕೊಂಡಿದ್ದೂ ಅವನಿಗಾಗಿಯೇ.

ಓದಿದವರಿಗೆ ಬೇರೆ ಸಾಕ್ಷಿ ಬೇಕೆಂದರೆ ಚಂದಮಾಮ ಇದೆ. 1949ರಿಂದ ಕನ್ನಡದಲ್ಲಿ ಬಂದ ಆ ಪತ್ರಿಕೆಯಲ್ಲಿ ಹೆಗಲ ಮೇಲೆ ಹೆಣ, ಹೆಣದೊಳಗೆ ಬೇತಾಳ, ಸುತ್ತ ಸ್ಮಶಾನ. ಶಂಕರ್ ಬರೆದ ಆ ಚಿತ್ರ ನೋಡಿಕೊಂಡೇ ನಾವೆಲ್ಲ ಬೆಳೆದೆವು. ಬೇತಾಳನ ಕುಹಕ ಇಲ್ಲದಿದ್ದರೆ ಆ ಕಥೆ ಯಾರು ಓದುತ್ತಿದ್ದರು? ‘ಛಲ ಬಿಡದ ತ್ರಿವಿಕ್ರಮ’ ಎಂದು ನಮ್ಮ ಮಂತ್ರಿಗಳು ಇವತ್ತಿಗೂ ಒಬ್ಬರನ್ನೊಬ್ಬರು ಹೊಗಳುತ್ತಾರೆ, ಹೆಣ ಹೊತ್ತವನ ಹೆಸರದು ಎಂದು ಯಾರೂ ಮುಜುಗರ ಪಡುವುದಿಲ್ಲ.

ನಿಷೇಧದ ಹಾದಿ ತುಳಿದವರ ಕಥೆಯನ್ನು ಈ ಸರಣಿಯವರೇ ಮೂರನೇ ಸಂಚಿಕೆಯ ಹಿಂದೆ ಬರೆದಿದ್ದಾರೆ, ಮಡಿಚುವಾಗ ಓದಿದೆ. 1954ರಲ್ಲಿ ಅಮೆರಿಕದಲ್ಲಿ ಫ್ರೆಡ್ರಿಕ್ ವರ್ಥಾಮ್ ಎಂಬ ಮನೋವೈದ್ಯರು ಕಾಮಿಕ್ಸ್ ಓದಿಯೇ ಮಕ್ಕಳು ಕೆಡುತ್ತಾರೆ ಎಂದು ಪುಸ್ತಕ ಬರೆದರು. ಸೆನೆಟ್ ಸಮಿತಿ ವಿಚಾರಣೆ ನಡೆಸಿತು. ಸರ್ಕಾರ ಕೈ ಹಾಕುವ ಮೊದಲೇ ಪ್ರಕಾಶಕರು ಸೇರಿ ತಮಗೆ ತಾವೇ ಒಂದು ಸಂಹಿತೆ ಮಾಡಿಕೊಂಡರು: ರಕ್ತ ಹೀರುವ ಪಿಶಾಚಿ ಇರಕೂಡದು, ಎದ್ದು ನಡೆಯುವ ಹೆಣ ಇರಕೂಡದು, ಹೆಸರಿನಲ್ಲಿ ‘ಹಾರರ್’ ಎಂಬ ಶಬ್ದವೇ ಇರಕೂಡದು. ವಿಲಿಯಂ ಗೇನ್ಸ್ ಎಂಬ ಪ್ರಕಾಶಕರ ದೆವ್ವದ ಪತ್ರಿಕೆಗಳು ಬಾಗಿಲು ಹಾಕಿದವು. ಉಳಿದದ್ದು ಅವರದೇ ‘ಮ್ಯಾಡ್’ ಎಂಬ ನಗೆಪತ್ರಿಕೆ. ಅದೂ 1955ರಲ್ಲಿ ಕಾಮಿಕ್ಸ್ ರೂಪ ಬಿಟ್ಟು ಮ್ಯಾಗಜೀನ್ ಆಗಿ ಸಂಹಿತೆಯ ಹೊರಗೆ ಜಾರಿತು. ಪಿಶಾಚಿಗಳಿಗೆ ಮತ್ತೆ ಒಳಗೆ ಬರಲು ಪರವಾನಗಿ ಸಿಕ್ಕಿದ್ದು 1971ರಲ್ಲಿ. ಕೊನೆಗೆ ಉಳಿದಿದ್ದ ದೊಡ್ಡ ಕಂಪನಿಗಳೂ 2011ರಲ್ಲಿ ಆ ಸಂಹಿತೆಯ ಮುದ್ರೆ ಹಾಕುವುದನ್ನು ಬಿಟ್ಟವು.

ಸರಣಿಯಲ್ಲಿ ಕುಂದಿಲ್ಲ ಅನ್ನುತ್ತಿಲ್ಲ. ಅಕ್ಷರ ಸಣ್ಣವು. ಇಂಗ್ಲಿಷಿನವರಿಗೆ ಮಾತಿನ ಗುಳ್ಳೆಯಲ್ಲಿ ಸಾಲಿನ ಕೆಳಗೆ ಸಾಲು ಒತ್ತಿ ಹಾಕಲು ಬರುತ್ತದೆ. ನಮ್ಮ ಒತ್ತಕ್ಷರಕ್ಕೆ ಕೆಳಗೆ ಜಾಗ ಬೇಕು, ಇಲ್ಲದಿದ್ದರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ತಲೆಕಟ್ಟಿಗೆ ಚುಚ್ಚುತ್ತದೆ. ಮೊದಲನೇ ಸಂಚಿಕೆಯನ್ನು ಕಂಪ್ಯೂಟರಿನಲ್ಲಿ ಮಾಡಿ ತಂದಿದ್ದರು; ಅವರದು ಯೂನಿಕೋಡು ಅಕ್ಷರ, ಪುಟ ಜೋಡಿಸುವ ನಮ್ಮ ಹಳೇ ಪೇಜ್‌ಮೇಕರಿನಲ್ಲಿ ನುಡಿ ಅಕ್ಷರ, ಒಂದಕ್ಕೊಂದು ಹೊಂದುವುದಿಲ್ಲ. ತೆರೆದು ನೋಡಿದರೆ ದೆವ್ವದ ಭಾಷೆಯೇ ಬಂತು. ಈಗ ಕೈಯಲ್ಲೇ ಬರೆಯುತ್ತಾರೆ, ಅದು ಚಂದ. ಮೂರನೇ ಸಂಚಿಕೆ ನಡುವೆ ಎಳೆದಿದೆ. ಅದರಲ್ಲೇ ತಲೆಕೆಟ್ಟ ಹೆಂಗಸೊಬ್ಬಳನ್ನು ನೋಡಿ ನಗುವ ಒಂದು ಚೌಕ ಇತ್ತು. ದೆವ್ವವನ್ನು ಎಷ್ಟು ಬೇಕಾದರೂ ನಗೆಗೀಡು ಮಾಡಿ, ಬುವಾನನ್ನು ಮಾಡಿ, ಪಿಂಚಣಿ ಗುಮಾಸ್ತನನ್ನು ಮಾಡಿ. ಬೀದಿಗೆ ಬಿದ್ದವರನ್ನು ಮಾಡಬೇಡಿ ಎಂದು ಕೂತು ಜಗಳ ತೆಗೆದೆ. ಹುಡುಗ ವಾದಿಸಿದ, ಹುಡುಗಿ ಒಪ್ಪಿದಳು, ಚೌಕ ಹೋಯಿತು. ಆ ಪಾಲಕರು ಇಂಥದ್ದನ್ನು ಹಿಡಿದು ಬರೆದಿದ್ದರೆ ನಾನೂ ಸಹಿ ಹಾಕುತ್ತಿದ್ದೆ.

ಗ್ರಂಥಾಲಯದವರು ತರಿಸಬಾರದು ಎಂದಿದ್ದಾರೆ. ತರಿಸುವವರು ಎಲ್ಲಿದ್ದಾರೆ? ಸರ್ಕಾರ ಪುಸ್ತಕ ಕೊಳ್ಳುವಾಗ ಬೆಲೆ ಕಟ್ಟುವುದು ಪುಟದ ಲೆಕ್ಕದಲ್ಲಿ. ಒಂದು ಪುಟದ ಕತ್ತಲು ತುಂಬಲು ಎರಡು ರಾತ್ರಿ ಕೂತ ಹುಡುಗನಿಗೆ ಆ ಲೆಕ್ಕದಲ್ಲಿ ಶಾಯಿಯ ದುಡ್ಡೂ ಹುಟ್ಟುವುದಿಲ್ಲ. 2023ರ ಜನವರಿಯಲ್ಲಿ ಹಾವೇರಿಯಲ್ಲಿ 86ನೇ ಸಾಹಿತ್ಯ ಸಮ್ಮೇಳನ ನಡೆದಾಗ ಇವರಿಗೆ ಮಳಿಗೆಯ ಬಾಡಿಗೆ ನೀಗಲಿಲ್ಲ. ಹೆಗಲಿಗೆ ಚೀಲ ಹಾಕಿಕೊಂಡು ಊಟದ ಸರದಿಯಲ್ಲಿ ನಿಂತವರಿಗೆ ಮಾರಿದರು. ಅದೇ ಹಾವೇರಿ ಸೀಮೆಯ ಗಳಗನಾಥರು ತಮ್ಮ ಕಾದಂಬರಿಗಳನ್ನು ತಾವೇ ಅಚ್ಚು ಹಾಕಿಸಿ, ತಲೆಯ ಮೇಲೆ ಹೊತ್ತು ಊರೂರು ತಿರುಗಿ ಮಾರಿದ್ದನ್ನು ಸಮ್ಮೇಳನದ ವೇದಿಕೆಗಳಲ್ಲಿ ಎಲ್ಲರೂ ನೆನೆಯುತ್ತಾರೆ. ಹೊತ್ತವರನ್ನು ಸತ್ತ ಮೇಲೆ ನೆನೆಯುವುದು ಸುಲಭ. ಹೊರುತ್ತಿರುವವರಿಂದ ಒಂದು ಪ್ರತಿ ಕೊಳ್ಳುವುದಕ್ಕೆ ಕಿಸೆಗೆ ಕೈ ಹಾಕಬೇಕಾಗುತ್ತದೆ.

ಗದಗ, ಹಾವೇರಿ, ಧಾರವಾಡದ ಗ್ರಂಥಾಲಯದವರು ಒಂದೊಂದು ಪ್ರತಿಯನ್ನಾದರೂ ತರಿಸಲಿ. ಸಣ್ಣ ಮಕ್ಕಳ ಕಪಾಟಿನಲ್ಲಿ ಬೇಡವೆಂದರೆ ಮೇಲಿನ ಹಲಗೆಯಲ್ಲಿಡಲಿ, ಓದುವವರು ಸ್ಟೂಲು ಹಾಕಿಕೊಂಡು ತೆಗೆದುಕೊಳ್ಳುತ್ತಾರೆ. ಹತ್ತು ವರ್ಷಕ್ಕೆ ಮೇಲ್ಪಟ್ಟವರಿಗೆ ಎಂದು ಮುಖಪುಟದ ಮೇಲೆ ಹಾಕಿರೆಂದು ನಾನು ಹೇಳಿದ್ದಕ್ಕೆ ಇಬ್ಬರೂ ಒಪ್ಪಿದ್ದಾರೆ, ಮುಂದಿನ ಸಂಚಿಕೆಯಿಂದ ಇರುತ್ತದೆ. ಆ ಸಂಚಿಕೆಯಲ್ಲಿ ಓದುಗರ ಪತ್ರಗಳಿಗೂ ಜಾಗ ಇಟ್ಟಿದ್ದಾರೆ, ಹಿಂಬದಿಯ ರಟ್ಟಿನ ಒಳಗೆ. ಹುಬ್ಬಳ್ಳಿಯ ಆ ಪಾಲಕರ ಆಕ್ಷೇಪವನ್ನು ಒಂದಕ್ಷರ ಕತ್ತರಿಸದೆ ಅಲ್ಲಿ ಹಾಕಬೇಕೆಂದು ಹುಡುಗಿಯ ಹಟ. ಅವರ ಒಪ್ಪಿಗೆ ಇದ್ದರೆ ನಿಮ್ಮ ಕಚೇರಿಯ ಮೂಲಕ ಶುಕ್ರವಾರದೊಳಗೆ ತಿಳಿಸಲಿ. ಶನಿವಾರ ಪ್ಲೇಟು ಆಗುತ್ತದೆ.

— ಪ್ರೆಸ್ಸಿನ ಅಕ್ಕ, ಬೆಟಗೇರಿ
(ಹೆಸರು, ವಿಳಾಸ ಬೇರೆ ಹಾಳೆಯಲ್ಲಿ ಇಟ್ಟಿದ್ದೇನೆ, ಪ್ರಕಟಿಸುವುದು ಬೇಡ.)